ಪಿಸ್ಟನ್ ಹೋದರೂ ಪರವಾಗಿಲ್ಲ, ಬ್ಲಾಕ್ ಉಳಿಯಲಿ

ಎಲ್ಲರಿಗೂ ನಮಸ್ಕಾರ. ವರ್ಷಗಟ್ಟಲೆ ನಿಂತು ಜಾಮ್ ಆದ ಹಳೇ ಬೈಕ್ ಎಂಜಿನ್ನನ್ನು ಬ್ಲಾಕ್ ಹಾಳಾಗದಂತೆ ಬಿಚ್ಚುವುದು ಹೇಗೆ ಅಂತ ಹೇಳುತ್ತೇನೆ.

ನಮ್ಮ ತುಮಕೂರು ಸುತ್ತಿನ ಹಳ್ಳಿಗಳಲ್ಲಿ ಹಳೇ ಜಾವಾ, ಯೆಜ್ದಿ, ಬುಲೆಟ್ ಗಾಡಿಗಳು ಇನ್ನೂ ಸಿಗುತ್ತವೆ. ಕೊಟ್ಟಿಗೆಯ ಮೂಲೆಯಲ್ಲೋ ಕೊಬ್ಬರಿ ಅಟ್ಟದ ಕೆಳಗೋ ವರ್ಷಾನುಗಟ್ಟಲೆ ನಿಂತಿರುತ್ತವೆ. ಅಂಥ ಗಾಡಿ ಮನೆಗೆ ಬಂದ ತಕ್ಷಣ ಎಲ್ಲರೂ ಮಾಡುವ ಮೊದಲ ಕೆಲಸ, ಕಿಕ್ಕರ್ ಮೇಲೆ ಹತ್ತಿ ತುಳಿಯುವುದು. ದಯವಿಟ್ಟು ತುಳಿಯಬೇಡಿ. ಜಾವಾದಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಒಂದೇ. ಎಂಜಿನ್ ಜಾಮ್ ಆಗಿರುವಾಗ ಮೈಭಾರ ಹಾಕಿದರೆ ಒಳಗಿನ ಹಲ್ಲು ಮುರಿಯುತ್ತದೆ. ಒಂದು ತೊಂದರೆ ಇದ್ದದ್ದು ಎರಡಾಗುತ್ತದೆ.

ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ದಿ ತಯಾರಾದವು. 2018ರಲ್ಲಿ ಜಾವಾ ಹೆಸರು ಮತ್ತೆ ಬಂತು. ಆದರೆ ಅದರ ಎಂಜಿನ್ ಬೇರೆ. ಹಳೆಯದು ಟೂ ಸ್ಟ್ರೋಕ್, ಅದು ಫೋರ್ ಸ್ಟ್ರೋಕ್. ಹಳೆಯದಕ್ಕೆ ಅದರ ಬ್ಲಾಕ್ ಕೂರುವುದಿಲ್ಲ. ಹಾಗಾಗಿ ನಿಮ್ಮ ಕೈಯಲ್ಲಿರುವ ಸಿಲಿಂಡರ್ ಬ್ಲಾಕ್ (ಪಿಸ್ಟನ್ ಓಡಾಡುವ ಭಾಗ), ಕ್ರ್ಯಾಂಕ್‌ಕೇಸ್ (ಅದರ ಕೆಳಗೆ ಕ್ರ್ಯಾಂಕ್ ತಿರುಗುವ ಪೆಟ್ಟಿಗೆ) ಇವೇ ಬೆಲೆಬಾಳುವ ಸಾಮಾನು. ಪಿಸ್ಟನ್ ಮತ್ತು ಅದರ ಸುತ್ತ ಕೂರುವ ರಿಂಗ್ ಹುಡುಕಿದರೆ ಹೊಸದು ಸಿಗುತ್ತದೆ. ಬಿಚ್ಚುವ ಕೆಲಸದಲ್ಲಿ ಏನಾದರೂ ಹಾಳಾಗಲೇಬೇಕು ಅಂತಾದರೆ ಪಿಸ್ಟನ್ ಹೋಗಲಿ. ಇದನ್ನು ಮೊದಲೇ ಗಟ್ಟಿ ಮಾಡಿಕೊಂಡು ಸ್ಪ್ಯಾನರ್ ಹಿಡಿಯಿರಿ.

ಒಳಗೆ ಏನಾಗಿರುತ್ತದೆ ನೋಡಿ. ಬೋರ್, ಅಂದರೆ ಬ್ಲಾಕಿನ ಒಳಗಿನ ಕೊಳವೆ, ಬೀಡುಕಬ್ಬಿಣದ್ದು, ರಿಂಗೂ ಕಬ್ಬಿಣದ್ದೇ. ಸೈಲೆನ್ಸರ್ ಕಡೆಯಿಂದಲೋ ಪ್ಲಗ್ ತೂತಿನಿಂದಲೋ ತೇವ ಒಳಗೆ ಹೋಗುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಜಾಸ್ತಿ ಜಾಗ ತಿನ್ನುತ್ತದೆ, ರಿಂಗ್ ಬೋರಿಗೆ ಕಚ್ಚಿಕೊಳ್ಳುತ್ತದೆ. ಓಡುವಾಗ ಆಯಿಲ್ ಸಾಲದೆ ಸೀಜ್ ಆಗುವುದು ಬೇರೆ. ಅಲ್ಲಿ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಬೋರಿಗೆ ಮೆತ್ತಿಕೊಂಡಿರುತ್ತದೆ. ಇವತ್ತು ನಾನು ಹೇಳುವುದು ನಿಂತು ನಿಂತು ತುಕ್ಕು ಹಿಡಿದ ಎಂಜಿನ್ ಬಗ್ಗೆ.

ಪ್ಲಗ್ ಬಿಚ್ಚಿ ಒಳಗೆ ಎಣ್ಣೆ ಬಿಡಿ. ಆಟೊಮ್ಯಾಟಿಕ್ ಕಾರಿನ ಗೇರ್‌ಬಾಕ್ಸಿಗೆ ಹಾಕುವ ಎಟಿಎಫ್ ಎಣ್ಣೆ ಮತ್ತು ಅಸಿಟೋನ್ ಸಮಸಮ ಬೆರೆಸಿದರೆ ಚೆನ್ನಾಗಿ ಇಳಿಯುತ್ತದೆ. ಡೀಸೆಲ್ ಆದರೂ ನಡೆಯುತ್ತದೆ. ತಿಪಟೂರು ಕಡೆಯವರು ಕೊಬ್ಬರಿ ಎಣ್ಣೆ ಆಗುತ್ತಾ ಅಂತ ಕೇಳುತ್ತಾರೆ. ಆಗುವುದಿಲ್ಲ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಸಣ್ಣ ಸಂದಿಗೆ ಇಳಿಯುವುದಿಲ್ಲ. ಹುಣಸೆಹಣ್ಣಿನ ರಸವಂತೂ ಬೇಡವೇ ಬೇಡ. ಬಿಚ್ಚಿದ ನಟ್ಟು ಬೋಲ್ಟಿನ ತುಕ್ಕು ತೊಳೆಯಲು ಅದು ಒಳ್ಳೆಯದು. ಬಿಚ್ಚದ ಎಂಜಿನ್ನಿಗೆ ಹುಳಿ ಸುರಿದರೆ ಬೇರಿಂಗ್‌ವರೆಗೂ ಇಳಿದು ಎಲ್ಲವನ್ನೂ ತಿನ್ನುತ್ತದೆ.

ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯಿರಿ. ಬೇಕಾದರೆ ವಾರಗಟ್ಟಲೆ. ಇಳಿದಂತೆಲ್ಲ ಮತ್ತೆ ತುಂಬಿ. ಆಮೇಲೆ ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಕೂದಲೆಳೆಯಷ್ಟು ಆಡಿದರೂ ಸಾಕು, ಮತ್ತೆ ಎಣ್ಣೆ ಬಿಡಿ, ಮತ್ತೆ ಅಲ್ಲಾಡಿಸಿ. ಈ ಹಂತದಲ್ಲಿ ಅವಸರ ಮಾಡಿದವರ ಗಾಡಿಯಲ್ಲಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ಬಾಗಿರುವುದನ್ನು ನೋಡಿದ್ದೇನೆ.

ಬಿಸಿ ಮಾಡುವ ವಿಚಾರದಲ್ಲಿ ಬಹಳ ಜನ ಎಡವುತ್ತಾರೆ. ಅಲ್ಯೂಮಿನಿಯಂ ಬಿಸಿಗೆ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಪಿಸ್ಟನ್. ಎರಡನ್ನೂ ಒಟ್ಟಿಗೆ ಕಾಯಿಸಿದರೆ ಪಿಸ್ಟನ್ ಇನ್ನೂ ಬಿಗಿಯಾಗುತ್ತದೆ, ಅಲ್ವಾ? ಅದಕ್ಕೇ ಬ್ಲಾಕಿನ ಹೊರಮೈಗೆ ಮಾತ್ರ ಬೇಗ ಬಿಸಿ ಕೊಟ್ಟು ನಿಲ್ಲಿಸಬೇಕು. ಆರುವಾಗ ಎಣ್ಣೆ ಸಂದಿಗೆ ಇಳಿಯುತ್ತದೆ. ಹಾಟ್ ಏರ್ ಗನ್ ಸಾಕು. ಅಸಿಟೋನ್ ಬಿಟ್ಟ ಎಂಜಿನ್ ಹತ್ತಿರ ಬೆಂಕಿಯನ್ನಾಗಲಿ ಈ ಗನ್ನನ್ನಾಗಲಿ ತರಲೇಬೇಡಿ. ಅದರ ಆವಿಗೆ ಕ್ಷಣದಲ್ಲಿ ಬೆಂಕಿ ಹತ್ತುತ್ತದೆ. ರಾಜ್‌ದೂತ್ 350ರಂಥ ಅಲ್ಯೂಮಿನಿಯಂ ಬ್ಲಾಕ್‌ಗಳಲ್ಲಿ ಸ್ಟಡ್ (ಬ್ಲಾಕನ್ನು ಹಿಡಿದಿಡುವ ಉದ್ದ ಬೋಲ್ಟ್) ತೂತುಗಳೊಳಗೆ ಬಿಳಿ ಪುಡಿ ಕಟ್ಟಿ ಬ್ಲಾಕೇ ಸ್ಟಡ್‌ಗೆ ಹಿಡಿದುಕೊಂಡಿರುತ್ತದೆ. ಅಲ್ಲಿ ಬಿಸಿ ನಿಮ್ಮ ಕಡೆಗೇ ಕೆಲಸ ಮಾಡುತ್ತದೆ. ಉಕ್ಕಿನ ಸ್ಟಡ್‌ಗಿಂತ ಬ್ಲಾಕ್ ಜಾಸ್ತಿ ಹಿಗ್ಗುತ್ತದಲ್ಲ.

ಇನ್ನೂ ಬರಲಿಲ್ಲವಾದರೆ ಗ್ರೀಸ್ ಗನ್. ಪ್ಲಗ್ ತೂತಿಗೆ ಸರಿಹೊಂದುವ ನಿಪ್ಪಲ್ ಮಾಡಿಸಿ ಗ್ರೀಸ್ ಒತ್ತಬೇಕು. ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್ ಮೇಲಿದ್ದು ಪೋರ್ಟುಗಳೆಲ್ಲ (ಬೋರಿನ ಗೋಡೆಯಲ್ಲಿರುವ ಕಿಂಡಿಗಳು) ಮುಚ್ಚಿರಬೇಕು, ಇಲ್ಲದಿದ್ದರೆ ಗ್ರೀಸ್ ಅಲ್ಲಿಂದ ಹೊರಗೆ ಬರುತ್ತದೆ. ಫೋರ್ ಸ್ಟ್ರೋಕ್‌ನಲ್ಲಿ ಎರಡೂ ವಾಲ್ವ್ ಮುಚ್ಚಿರಬೇಕು. ಪಿಸ್ಟನ್ ತುತ್ತತುದಿಯಲ್ಲೇ ನಿಂತಿದ್ದರೆ ಈ ಉಪಾಯ ನಡೆಯದು. ರಾಡ್ ನೆಟ್ಟಗೆ ನಿಂತಿರುವಾಗ ಎಷ್ಟು ಒತ್ತಿದರೂ ಕ್ರ್ಯಾಂಕ್ ತಿರುಗುವುದಿಲ್ಲ, ಬೇರಿಂಗಿಗೆ ಪೆಟ್ಟು ಬೀಳುತ್ತದೆ ಅಷ್ಟೆ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಗ್ರೀಸ್ ಬದಲು ಕಂಪ್ರೆಸರ್ ಗಾಳಿ ಬಳಸಬೇಡಿ. ಗಾಳಿ ಒತ್ತಿಕೊಂಡು ಕೂತು ಒಮ್ಮೆಲೇ ಸಿಡಿಯುತ್ತದೆ. ಇದು ಪ್ರಾಣದ ಮಾತು.

ಪಿಸ್ಟನ್ ಆಡಲು ಶುರುವಾದ ಮೇಲೆ ಬ್ಲಾಕ್ ಎತ್ತಬೇಕು. ಬ್ಲಾಕಿನ ಹೊರಗಿನ ತೆಳು ಪಟ್ಟಿಗಳಾದ ಫಿನ್‌ಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಬೇಡಿ. ಬೀಡು ಬಾಗುವುದಿಲ್ಲ, ಮುರಿಯುತ್ತದೆ. ಪ್ಯಾಕಿಂಗ್ ಕೂರುವ ಮುಖಕ್ಕೂ ಗೀರು ಬೀಳಬಾರದು. ಫಿನ್ ಬಿಟ್ಟು ಗಟ್ಟಿ ಜಾಗ ನೋಡಿ, ಮರದ ಕೊಡತಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿ ನೆಟ್ಟಗೆ ಎತ್ತಿ. ಟೂ ಸ್ಟ್ರೋಕ್‌ನಲ್ಲಿ ಬ್ಲಾಕನ್ನು ತಿರುಚಲೇಬಾರದು. ರಿಂಗಿನ ತುದಿ ಪೋರ್ಟಿಗೆ ಸಿಗದಿರಲಿ ಎಂದೇ ಪಿಸ್ಟನ್ ಮೇಲೆ ಸಣ್ಣ ಪಿನ್ ಇಟ್ಟಿರುತ್ತಾರೆ. ತಿರುಚಿದರೆ ಆ ತುದಿ ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ. ಅರ್ಧ ಎತ್ತಿದಾಗಲೇ ಕ್ರ್ಯಾಂಕ್‌ಕೇಸ್ ಬಾಯಿಗೆ ಬಟ್ಟೆ ತುರುಕಿ.

ಯಾವುದಕ್ಕೂ ಜಗ್ಗದಿದ್ದರೆ ಹೆಡ್ ತೆಗೆದು ಪಿಸ್ಟನ್ ತಲೆಗೆ ಡ್ರಿಲ್ ಹಾಕಿ, ಬೋರಿಗೆ ತಾಗದಂತೆ ಒಳಮುಖವಾಗಿ ಒಡೆದು ತೆಗೆಯಬೇಕು. ಚೂರುಗಳು ಕೆಳಗೆ ಬಿದ್ದೇ ಬೀಳುತ್ತವೆ, ಆಗ ಕ್ರ್ಯಾಂಕ್‌ಕೇಸ್ ಬಿಚ್ಚಿ ತೊಳೆಯದೆ ಬೇರೆ ದಾರಿಯಿಲ್ಲ.

ಬ್ಲಾಕ್ ಹೊರಗೆ ಬಂದ ಮೇಲೆ ನೇರ ಬೋರ್ ಮಾಡಿಸಲು, ಅಂದರೆ ಒಳಗಿನ ಕೊಳವೆ ಕೊರೆಸಿ ದೊಡ್ಡದು ಮಾಡಿಸಲು ಓಡಬೇಡಿ. ಮೊದಲು ಓವರ್‌ಸೈಜ್, ಅಂದರೆ ಮೂಲ ಅಳತೆಗಿಂತ ಸ್ವಲ್ಪ ದೊಡ್ಡ ಪಿಸ್ಟನ್ ಕೈಗೆ ಬರಲಿ. 0.25, 0.50 ಮಿ.ಮೀ., ಯಾವುದು ಸಿಗುತ್ತದೋ ನೋಡಿ. ಆ ಪಿಸ್ಟನ್ನನ್ನೇ ಅಳತೆಗೆ ಕೊಟ್ಟು ಬೋರ್ ಮಾಡಿಸಿ. ಬೋರ್ ಮೊದಲು ದೊಡ್ಡದು ಮಾಡಿಸಿ ಆ ಅಳತೆಯ ಪಿಸ್ಟನ್ ಸಿಗದಿದ್ದರೆ, ಇಷ್ಟು ಕಷ್ಟಪಟ್ಟು ಉಳಿಸಿದ ಬ್ಲಾಕ್ ಸುಮ್ನೆ ಶೆಲ್ಫ್ ಮೇಲೆ ಕೂರುತ್ತದೆ.