ಫ್ಲೈಟು ಲೇಟಾದ್ರೆ ತಿಳಮಾತಿ

ಕೇಳುಗರಿಗೆ ನಮಸ್ಕಾರ. ಫ್ಲೈಟು ಲೇಟಾಗಿ ನಾವು ತಿಳಮಾತಿ ಅನ್ನೂ ಪುಟ್ಟ ಕಡಲ ದಂಡೆಗೆ ಹೋದ ಕತೆ ಇದು. ನಮ್ಮ ಕಾರವಾರದಲ್ಲಿ ಕಣ್ಣಿಗೆ ಕಾಣೂದು ಒಂದೇ ವಿಮಾನ, ಅದೂ ಹಾರೂದಿಲ್ಲ. ಟ್ಯಾಗೋರ್ ಬೀಚಲ್ಲಿ ಚಪಲ್ ಯುದ್ಧನೌಕೆ ಹತ್ರ ನಿಂತಿದ್ಯಲ್ಲ ಟುಪೊಲೆವ್, ಅದೇ. ನೌಕಾಪಡೆಯಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದು 2017ರಲ್ಲಿ ರಿಟೈರ್ ಆದ ಜಾತಿ ಅದು, ತಮಿಳ್ನಾಡಿನ ಅರಕ್ಕೋಣಂನಿಂದ ಬಿಚ್ಚಿ ಲಾರಿ ಮೇಲೆ ಹೇರ್ಕೊಂಡು ಬಂದು ಇಲ್ಲಿ ಮತ್ತೆ ಜೋಡಿಸಿದ್ದು. ವಿಮಾನನೇ ರೋಡಲ್ಲಿ ಬಂದ ಊರು ಮಾರಾಯ್ರೇ ನಮ್ದು, ಇನ್ನು ನಾವು ವಿಮಾನ ಹತ್ಬೇಕು ಅಂದ್ರೆ ರೋಡು ಹಿಡೀದೆ ಬೇರೆ ದಾರಿ ಎಲ್ಲಿದೆ.

ಅಂಕೋಲದ ಅಲಗೇರಿಯಲ್ಲಿ ಏರ್‌ಪೋರ್ಟ್ ಆಗ್ತದೆ ಅಂತ ಕೇಳ್ತಾ ಕೇಳ್ತಾ ನಮ್ಮನೆ ಮಕ್ಕಳು ಕಾಲೇಜು ಮುಗಿಸಿದ್ರು. ಅದು ಆಗೂತನಕ ನಮ್ಮ ಏರ್‌ಪೋರ್ಟು ಅಂದ್ರೆ ಗೋವಾದ ದಾಬೋಳಿ, ಹತ್ರಹತ್ರ ನೂರು ಕಿಲೋಮೀಟರು. ಇಲ್ಲೊಂದು ಮಾತು ಹೇಳ್ಬಿಡ್ತೇನೆ, ಯಾಕಂದ್ರೆ ನಮ್ಮ ಓಣಿಯಲ್ಲೇ ಒಬ್ರಿಗೆ ಹೀಗಾಗಿದೆ. 2023ರ ಜನವರಿಯಿಂದ ಗೋವಾಕ್ಕೆ ಎರಡು ಏರ್‌ಪೋರ್ಟು. ಟಿಕೆಟಲ್ಲಿ ಜಿಓಐ ಅಂತಿದ್ರೆ ದಾಬೋಳಿ, ಜಿಓಎಕ್ಸ್ ಅಂತಿದ್ರೆ ಮೋಪಾ. ಮೋಪಾ ಪೆಡ್ನೆ ತಾಲೂಕಲ್ಲಿ, ಮಹಾರಾಷ್ಟ್ರದ ಬಾಗಿಲಲ್ಲಿ, ಅಂದ್ರೆ ನಾವು ಕಾರವಾರದವ್ರು ಇಡೀ ಗೋವಾನೇ ಉದ್ದಕ್ಕೆ ದಾಟ್ಬೇಕು. ಒಂದಕ್ಷರ ನೋಡ್ದೆ ದಾಬೋಳಿಗೆ ಹೋಗಿ ನಿಂತ್ರೆ ಆಮೇಲೆ ಯಾವ ದೇವ್ರಿಗೆ ಹರಕೆ ಹೊತ್ರೂ ಫ್ಲೈಟ್ ಸಿಗೂದಿಲ್ಲ.

ಈಗ ಆವತ್ತಿನ ಕತೆಗೆ ಬರ್ತೇನೆ. ಅಕ್ಕನ ಮಗನನ್ನ ದಿಲ್ಲಿ ಫ್ಲೈಟಿಗೆ ಬಿಡೂದಿತ್ತು, ಮಧ್ಯಾಹ್ನ ಒಂದೂವರೆಗೆ. ನಮ್ಮ ಅಪ್ಪನದ್ದು ಒಂದು ಲೆಕ್ಕ ಇದೆ, ಬಸ್ಸಿಗೆ ಅರ್ಧ ತಾಸು ಮುಂಚೆ, ರೈಲಿಗೆ ಒಂದು ತಾಸು, ವಿಮಾನಕ್ಕೆ ಅರ್ಧ ದಿನ. ಕೌಂಟರು ಮುಚ್ಚೂದು ಒಂದು ತಾಸು ಮುಂಚೆ, ದಾರಿ ಎರಡು, ಎರಡೂವರೆ ತಾಸಿನದ್ದು ಅಂತ ಎಷ್ಟು ಹೇಳಿದ್ರೂ ಕೇಳ್ಲಿಲ್ಲ, ಎಂಟಕ್ಕೇ ತಾನೂ ಬಂದು ಹಿಂದಿನ ಸೀಟಲ್ಲಿ ಕೂತಾಯ್ತು, ಕೈಯಲ್ಲಿ ಛತ್ರಿ ಬೇರೆ, ಡಿಸೆಂಬರಲ್ಲಿ. ಅಪ್ಪಂಗೆ ಪಾಪ ಇನ್ನೊಂದು ಹೆದರಿಕೆ ಇದೆ, ಕಾಳಿ ಸೇತುವೆ. 2024ರ ಆಗಸ್ಟಲ್ಲಿ ಹಳೇ ಸೇತುವೆ ರಾತ್ರೋರಾತ್ರಿ ಕುಸಿದು ಲಾರಿಯೊಂದು ನದಿಗೆ ಬಿತ್ತಲ್ಲ, ಡ್ರೈವರ್ ಬದುಕಿದ್ದೇ ದೊಡ್ಡದು, ಆವತ್ತಿಂದ ಸೇತುವೆ ದಾಟೂವರೆಗೂ ಅಪ್ಪ ಮಾತಾಡೂದಿಲ್ಲ, ಸದಾಶಿವಗಡದ ಕಡೆ ಮುಟ್ಟಿದ ಮೇಲೇ ಉಸಿರು ಬಿಡೂದು. ಸರಿಯಾಗಿ ಅಲ್ಲಿ ಮುಟ್ಟಿದ್ವಿ, ಹುಡುಗನ ಫೋನು ಟಿಣ್ ಅಂತು. ಫ್ಲೈಟು ಐದು ಗಂಟೆ ಹತ್ತು ನಿಮಿಷಕ್ಕಂತೆ. ಕಾರಣ ಏನೂ ಇಲ್ಲ, ತೊಂದರೆಗೆ ವಿಷಾದಿಸ್ತೇವೆ ಅಂತ ಒಂದು ಸಾಲು.

ವಾಪಸ್ ಮನೆಗೆ ಹೋಗೂದಾ? ಅಪ್ಪ ಒಪ್ಪೂದಿಲ್ಲ, ಹೊರಟ ಮೇಲೆ ತಿರುಗಬಾರ್ದು. ಏರ್‌ಪೋರ್ಟಿಗೆ ಹೋಗಿ ಕುರ್ಚಿ ಮೇಲೆ ಐದಾರು ತಾಸು ಕೂತು ಊಟದಷ್ಟು ದುಡ್ಡಿಗೆ ಚಾ ಕುಡಿಯೂದಾ? ನಾನು ಒಪ್ಪೂದಿಲ್ಲ. ಹಾಗಾಗಿ ಮಾಜಾಳಿಯಲ್ಲಿ ಹೈವೇ ಬಿಟ್ಟು ಎಡಕ್ಕೆ, ಸಮುದ್ರದ ಕಡೆ ತಿರುಗಿಸ್ದೆ. ಇಲ್ಲಿಂದ ಮುಂದೆ ಗೋವಾ ಗಡಿ ಕೂಗಳತೆ, ನಡುವೆ ಒಂದು ಗುಡ್ಡ ಸಮುದ್ರದೊಳಗೆ ಮೂಗು ಚಾಚ್ಕೊಂಡಿದೆ, ಆ ಗುಡ್ಡದ ಮಗ್ಗುಲಲ್ಲಿ ಅಡಗಿರೂದೇ ತಿಳಮಾತಿ. ಗಾಡಿ ಹೋಗೂದಿಲ್ಲ, ನಡ್ದೇ ಹೋಗ್ಬೇಕು, ಇಪ್ಪತ್ತು ನಿಮಿಷ, ಉಸಿರು ಕಟ್ಟೂವವ್ರಿಗೆ ಅರ್ಧ ತಾಸು. ಅಪ್ಪ ಮಾತ್ರ ಕೆಳಗೇ ಉಳಿದ್ರು, ಮೀನುಗಾರರ ಮನೆ ಹತ್ರ ಬಲೆ ರಿಪೇರಿ ಮಾಡ್ತಿದ್ದವ್ರ ಜೊತೆ ಕೊಂಕಣಿಯಲ್ಲಿ ಬಂಗಡೆ ರೇಟು ಕೇಳ್ತಾ ಕೂತ್ರು, ಅವ್ರಿಗೆ ಅದೇ ಪ್ರವಾಸ.

ನಮ್ಮ ಹುಡುಗ ಆಫೀಸಿನ ಪಾಲಿಶ್ ಬೂಟಲ್ಲೇ ಹತ್ತಿದ. ನಾನು ಬೇಡ ಅಂದಿದ್ದೆ, ಡಿಕ್ಕಿಯಲ್ಲಿ ನನ್ನ ರಬ್ಬರ್ ಚಪ್ಪಲಿ ಇತ್ತು, ಕೇಳ್ಲಿಲ್ಲ. ಕೆಂಪು ಮಣ್ಣು, ಉದುರುಕಲ್ಲು, ದೀಪಾವಳಿ ಆದ್ಮೇಲೆ ಒಣಗಿ ಹಳದಿಯಾದ ಹುಲ್ಲು, ಆ ಹುಲ್ಲೇ ಜಾರಿಸೂದು ಜಾಸ್ತಿ, ಮಳೆಗಾಲದಲ್ಲಿ ಪಾಚಿ ಹೇಗೋ ಹಾಗೆ. ಮಳೆಗಾಲದಲ್ಲಂತೂ ಈ ಕಡೆ ತಲೆ ಹಾಕ್ಬೇಡಿ. ಕೌಳಿ ಮಟ್ಟಿ ಎರಡು ಕಡೆಯಿಂದ ಪ್ಯಾಂಟು ಹಿಡೀತದೆ, ಹಣ್ಣು ತಿನ್ಬೇಕಾದ್ರೆ ಏಪ್ರಿಲ್ ಮೇ ತಿಂಗಳಲ್ಲಿ ಬನ್ನಿ, ಈಗ ಮುಳ್ಳು ಮಾತ್ರ.

ನೆತ್ತಿ ಮೇಲೆ ನಿಂತ್ರೆ ಒಂದು ತಮಾಷೆ ಕಾಣ್ತದೆ. ದಕ್ಷಿಣಕ್ಕೆ ತಿರುಗಿದ್ರೆ ಮಾಜಾಳಿ ದಂಡೆ, ಬಿಳಿ ಮರಳು, ಆಚೆ ಸಮುದ್ರದಲ್ಲಿ ಕೂರ್ಮಗಡ, ಮತ್ತೂ ಆಚೆ ಲೈಟ್‌ಹೌಸ್ ಇರೂ ದೇವಗಡ. ಉತ್ತರಕ್ಕೆ ತಿರುಗಿದ್ರೆ ಗೋವಾದ ಪೊಳೆಂ ದಂಡೆ, ಅದೂ ಬಿಳಿ. ಎರಡರ ನಡುವೆ, ಕಾಲ ಬುಡದಲ್ಲಿ, ಕಪ್ಪು. ಯಾರೋ ಎರಡು ಬಿಳಿ ಪಂಚೆ ನಡುವೆ ಕರಿ ಕಂಬಳಿ ಹಾಸಿದ ಹಾಗೆ. ಅಲ್ಲಿನ ಕರಿಬಂಡೆಯನ್ನ ಅಲೆ ಅರೆದು ಅರೆದು ಮಾಡಿದ ಮರಳದು, ಬಂಡೆ ಮೂಗುಗಳ ನಡುವೆ ಸಿಕ್ಕಿ ಅಲ್ಲೇ ಉಳಿದಿದೆ. ಒಂದು ದೊಡ್ಡ ಹದ್ದು, ಬಿಳಿ ಹೊಟ್ಟೆಯದ್ದು, ಕಡಲ ಹದ್ದು ಅಂತಾರೆ, ನಮ್ಮ ಕಣ್ಣಿಗಿಂತ ಸ್ವಲ್ಪ ಕೆಳಗೆ ತೇಲ್ತಾ ಹೋಯ್ತು, ರೆಕ್ಕೆ ಒಂದ್ಸಲನೂ ಬಡೀಲಿಲ್ಲ. ಹಾರೂದನ್ನ ಮೇಲಿನಿಂದ ನೋಡಿದ್ದು ನಾನು ಅದೇ ಮೊದ್ಲು. ಹುಡುಗ ಹೇಳಿದ, ಇದು ಟೈಮಿಗೆ ಸರಿಯಾಗಿ ಹೊರಟಿದೆ ಮಾಮಾ ಅಂತ.

ಕೆಳಗಿಳಿದು ಬೊಗಸೆಯಲ್ಲಿ ಎತ್ಕೊಂಡ್ರೆ ಹೆಸರು ಯಾಕೆ ಬಂತು ಅಂತ ಯಾರೂ ಹೇಳ್ಬೇಕಾಗಿಲ್ಲ. ಕೊಂಕಣಿಯಲ್ಲಿ ತೀಳ್ ಅಂದ್ರೆ ಎಳ್ಳು, ಮಾತಿ ಅಂದ್ರೆ ಮಣ್ಣು. ನಿಜವಾಗ್ಲೂ ಎಳ್ಳೇ, ಸಂಕ್ರಾಂತಿ ಎಳ್ಳಲ್ಲ, ತರ್ಪಣದ ಕರಿ ಎಳ್ಳು, ನಡುನಡುವೆ ಚಿಪ್ಪಿನ ಬಿಳಿ ಚೂರು ಬೆರೆತಿದೆ, ಆರಿಸೂಕೆ ಅಜ್ಜಿ ಒಬ್ರು ಬೇಕು ಅಷ್ಟೇ. ಕಾಳು ದಪ್ಪ, ಒಣಗಿದ್ದು ಕೈಗೆ ಮೆತ್ತೂದಿಲ್ಲ, ಕೊಡವಿದ್ರೆ ಸರ್ರಂತ ಬೀಳ್ತದೆ, ಆದ್ರೆ ಒದ್ದೆ ಇದ್ದದ್ದು ಸಾಕ್ಸ್ ಒಳಗೆ ಹೊಕ್ರೆ ಬಿಡೂದೂ ಇಲ್ಲ. ಇನ್ನೊಂದು, ಕಪ್ಪು ಬಣ್ಣ ಬಿಸಿಲು ಕುಡೀತದೆ ನೋಡಿ, ಡಿಸೆಂಬರು ಬೆಳಿಗ್ಗೆ ಹತ್ತಕ್ಕೇ ಬರಿಗಾಲಲ್ಲಿ ಕುಣಿಯೂ ಹಾಗಾಯ್ತು, ಏಪ್ರಿಲ್ ಮಧ್ಯಾಹ್ನ ಅಲ್ಲಿ ಹಪ್ಪಳ ಒಣಗಿಸ್ಬಹುದು. ಮರಳು ತುಂಬ್ಕೊಂಡು ಹೋಗೂ ಜನ ಇದ್ದಾರಂತೆ, ಶೋಕೇಸಲ್ಲಿ ಇಡೂಕೆ. ಬೇಡ ಮಾರಾಯ್ರೇ. ಇರೂದೇ ಅಂಗಳದಷ್ಟು ಜಾಗ, ಎಲ್ಲರೂ ಒಂದೊಂದು ಬಾಟ್ಲಿ ತುಂಬಿದ್ರೆ ಏನು ಉಳೀತದೆ.

ಈಜೂಕಂತೂ ಇಳೀಬೇಡಿ, ಬಂಡೆ ಎಲ್ಲಿದೆ ಅಂತ ನೀರು ಹೇಳೂದಿಲ್ಲ, ಲೈಫ್‌ಗಾರ್ಡ್ ನಾವು ಹೋದಾಗ ಯಾರೂ ಇರ್ಲಿಲ್ಲ. ಬರೂವಾಗ ಭರ್ತಿ ಸುಕ್ತಿ ಕೇಳ್ಕೊಂಡು ಬನ್ನಿ, ಉಬ್ಬರ ಇಳಿತ, ಮೀನುಗಾರರು ಬಾಯಲ್ಲೇ ಹೇಳ್ತಾರೆ. ಒಂದು ಭರ್ತಿಯಿಂದ ಇನ್ನೊಂದಕ್ಕೆ ಹನ್ನೆರಡು ತಾಸು ಚಿಲ್ಲರೆ, ಹಾಗಾಗಿ ಇವತ್ತಿನ ಹೊತ್ತು ನಾಳೆಗೆ ಮುಕ್ಕಾಲು ತಾಸಿಗೂ ಜಾಸ್ತಿ ಮುಂದೆ ಹೋಗ್ತದೆ, ಅಮಾಸೆ ಹುಣ್ಣಿಮೆಗೆ ನೀರು ಇನ್ನೂ ಮೇಲೆ ಬರ್ತದೆ. ನಾವು ಹೋದಾಗ ಸುಕ್ತಿ, ಬಂಡೆ ಎಲ್ಲ ಬೆನ್ನು ಬಿಟ್ಕೊಂಡು ಬಿದ್ದಿತ್ತು, ಏಡಿಗಳು ಅಡ್ಡಡ್ಡ ಓಡ್ತಿದ್ವು, ಹುಡುಗ ಒಂದು ಚಪ್ಪಟೆ ಬಂಡೆ ಮೇಲೆ ಕೂತು ಅರ್ಧ ತಾಸು ಫೋನೇ ಮುಟ್ಲಿಲ್ಲ. ಅಲ್ಲಿ ನೆಟ್‌ವರ್ಕ್ ಸಿಕ್ತಿರ್ಲಿಲ್ಲ ಅನ್ನೂದೂ ಒಂದು ಕಾರಣ ಅನ್ನಿ.

ಹತ್ತೂವರೆಗೆ ಕೆಳಗಿಳಿದ್ವಿ. ಅಪ್ಪನ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಒಳಗೆ ಬಂಗಡೆ. ಏರ್‌ಪೋರ್ಟಿಗೆ ಹೋಗೂ ಗಾಡಿಯಲ್ಲಿ ಬಂಗಡೆ! ರೇಟು ಚೊಲೋ ಇತ್ತು ಅಂದ್ರು, ಮುಗೀತು. ಪೊಳೆಂ ದಾಟಿ, ಕಾಣಕೋಣ ಬೈಪಾಸ್ ಹಿಡಿದು, ಕರಮಲ್ ಘಾಟಿಯ ಸುತ್ತು ಸುತ್ತು ತಿರುವಲ್ಲಿ ಎಸಿ ಬಂದ್ ಮಾಡಿ ಕಿಟಕಿ ಇಳಿಸಿ ಮಡಗಾಂವಿಗೆ ಹೋಗಿ ಉಂಡು, ಎರಡೂವರೆಗೆ ದಾಬೋಳಿ. ಟೈಮು ಕಮ್ಮಿ ಇದ್ದವ್ರಿಗೆ ಇನ್ನೊಂದು ದಾರಿ ಹೇಳ್ತೇನೆ, ಆ ಏರ್‌ಪೋರ್ಟು ಇರೂದೇ ಗುಡ್ಡದ ತಲೆ ಮೇಲೆ, ಮೂಲತಃ ಪೋರ್ತುಗೀಸರದ್ದು, ಈಗ ನೌಕಾಪಡೆಯ ಹಂಸ ನೆಲೆ, ಪಕ್ಕದಲ್ಲೇ ಇಳಿದ್ರೆ ಬೊಗ್ಮಾಳೊ ದಂಡೆ, ದಾರಿಯಲ್ಲಿ ನೌಕಾಪಡೆಯ ವಿಮಾನ ಮ್ಯೂಸಿಯಮ್ಮೂ ಸಿಗ್ತದೆ. ನಮ್ಮ ಟುಪೊಲೆವ್ ಜಾತಿ 1988ರಲ್ಲಿ ದೇಶಕ್ಕೆ ಬಂದಾಗ ಮೊದ್ಲು ಗೂಡು ಕಟ್ಟಿದ್ದು ಇದೇ ಹಂಸದಲ್ಲಿ, ಅರಕ್ಕೋಣಂಗೆ ಹೋಗಿದ್ದು ಆಮೇಲೆ. ಇದನ್ನ ಹುಡುಗಂಗೆ ಹೇಳ್ಬೇಕು ಅಂತಿದ್ದೆ, ಅಷ್ಟೊತ್ತಿಗೆ ಅವ ಗೇಟ್ ಒಳಗೆ ಹೋಗಿ, ನೀರಿನ ಬಾಟ್ಲಿ ಎಲ್ಲಿ ಅಂತ ಅಲ್ಲಿಂದಲೇ ಕೈ ಮಾಡಿ ಕೇಳ್ತಿದ್ದ. ಸ್ಟೀಲಿಂದು, ಹೊಸದು, ಅವನಮ್ಮ ಕೊಡಿಸಿದ್ದು. ಆ ಚಪ್ಪಟೆ ಬಂಡೆ ಮೇಲೆ ಬಿಟ್ಟಿದ್ದಾನೆ.

ವಾಪಸ್ ಬರೂವಾಗ ಐದು ಗಂಟೆ ಹೊತ್ತಿಗೆ ಮಾಜಾಳಿಯಲ್ಲಿ ಗಾಡಿ ನಿಲ್ಲಿಸಿ, ಬಂಗಡೆ ವಾಸನೆ ಜೊತೆ ಅಪ್ಪನನ್ನ ಒಳಗೇ ಬಿಟ್ಟು, ಒಬ್ನೇ ಗುಡ್ಡ ಹತ್ತಿದೆ. ಭರ್ತಿ ತುಂಬಿ ನಿಂತಿತ್ತು. ಬೆಳಿಗ್ಗೆ ಅಷ್ಟು ಬಂಡೆ ಇದ್ದ ಜಾಗದಲ್ಲಿ ಬರೀ ನೊರೆ, ನಾವು ಕೂತಿದ್ದು ಯಾವುದು ಅಂತಲೇ ಗೊತ್ತಾಗ್ಲಿಲ್ಲ. ಕೆಳಗಿಳಿದು ಬಂದೆ. ಬಾಟ್ಲಿ ಸಿಕ್ತಾ ಅಂತ ಅಪ್ಪ ಕೇಳಿದ್ರು, ಇಲ್ಲ ಅಂದೆ. ಅಕ್ಕಂಗೆ ಇನ್ನೂ ಹೇಳಿಲ್ಲ, ರೇಡಿಯೋ ಕೇಳ್ತಿದ್ರೆ ಈಗ ಗೊತ್ತಾಯ್ತು. ನಮಸ್ಕಾರ.