ಸದ್ದು ದೊಡ್ಡದು, ಪೆಟ್ಟು ಸಣ್ಣದು

ನಮಸ್ಕಾರ ಕೇಳುಗರೇ. ಅಡುಗೆ ಮನೇಲಿ, ಹೊಲದ ಬದುವಿನ ಮೇಲೆ ರೇಡಿಯೋ ಹಚ್ಕೊಂಡು ಕೂತಿರೋ ದುರ್ಗ, ದಾವಣಗೆರೆ ಜನಕ್ಕೆ ಇವತ್ತು ಒಂದೇ ಒಂದು ಪದದ ಬಗ್ಗೆ ಹೇಳ್ತೀನಿ, ಸ್ಲ್ಯಾಪ್‌ಸ್ಟಿಕ್. ಸಿನಿಮಾ ನೋಡಿ ಬಂದೋರು 'ಬರೀ ಸ್ಲ್ಯಾಪ್‌ಸ್ಟಿಕ್ ಬಿಡ್ರಿ' ಅಂತಾರೆ, ಡಬಲ್ ಮೀನಿಂಗ್ ಡೈಲಾಗಿಗೂ ಅದೇ ಪದ, ಯಾರದೋ ಮೈಬಣ್ಣ ಆಡ್ಕೊಂಡು ನಗ್ಸೋದಕ್ಕೂ ಅದೇ ಪದ. ಅದಲ್ಲ ಕಣ್ರಿ!

ಸ್ಲ್ಯಾಪ್‌ಸ್ಟಿಕ್ ಅನ್ನೋದು ಮೊದಲು ಒಂದು ಕೋಲು. 16ನೇ ಶತಮಾನದಲ್ಲಿ ಇಟಲಿಯಲ್ಲಿ ಕೊಮೆಡಿಯಾ ಡೆಲ್ ಆರ್ತೆ ಅಂತ ನಾಟಕ ಶುರುವಾಯ್ತು, ಅದರಲ್ಲಿ ಆರ್ಲೆಕಿನೊ ಅನ್ನೋ ತುಂಟ ಆಳಿನ ಕೈಲಿ ಇದು ಇರ್ತಿತ್ತು. ಎರಡು ತೆಳ್ಳನೆ ಮರದ ಪಟ್ಟಿ, ಹಿಡಿ ಹತ್ರ ಸೇರ್ಸಿರೋದು, ಮುಂದಕ್ಕೆ ಸಣ್ಣ ಸಂದು. ಬೆನ್ನಿಗೆ ತಾಗಿಸಿದ್ರೆ ಪಟ್ಟಿಗೆ ಪಟ್ಟಿ ಬಡಿದು ಚಟಾರ್ ಅನ್ನುತ್ತೆ, ಬೆನ್ನಿಗೆ ಏನೂ ಆಗಲ್ಲ. ಸದ್ದು ದೊಡ್ಡದು, ಪೆಟ್ಟು ಸಣ್ಣದು, ಅಷ್ಟೇ ನೋಡ್ರಿ. ಆಮೇಲೆ ಹೊಡೆಯೋದು, ಬೀಳೋದು, ಏಳೋದರಲ್ಲಿ ನಗಿಸೋ ಹಾಸ್ಯಕ್ಕೇ ಆ ಕೋಲಿನ ಇಂಗ್ಲಿಷ್ ಹೆಸರು ಅಂಟ್ಕೊಳ್ತು.

ನಾನು ಏಳನೇ ಕ್ಲಾಸಲ್ಲಿದ್ದಾಗ ನಮ್ಮ ಸೋದರಮಾವ ದಾವಣಗೆರೆಗೆ ಕಂಪನಿ ನಾಟಕಕ್ಕೆ ಕರ್ಕೊಂಡು ಹೋಗಿದ್ರು, ರಂಗನಟಿ ಚಿಂದೋಡಿ ಲೀಲಾ ಅವರ ಊರು ಅದು, ನಾಟಕದ ಹುಚ್ಚು ಕೇಳ್ಬೇಡಿ. ಮಾವನಿಗೆ ತಬಲಾದವರ ಪರಿಚಯ ಇತ್ತು, ನನ್ನನ್ನ ಸೈಡ್ ವಿಂಗಲ್ಲೇ ಕೂರಿಸಿದ್ರು. ಗೌಡನ ಪಾತ್ರದೋರು ಆಳಿನ ಕೆನ್ನೆಗೆ ಬಿಗಿದ್ರು, ಪಟಾರ್! ಜನ ಹೋ ಅಂತ ನಗ್ತಿದಾರೆ, ನನಗೆ ಅಳು ಬರ್ತಿದೆ. ಎರಡನೇ ಏಟಿಗೆ ಕಣ್ಣಿಗೆ ಬಿತ್ತು, ಗೌಡನ ಕೈ ಕೆನ್ನೆಯಿಂದ ನಾಲ್ಕು ಬೆರಳು ದೂರದಲ್ಲೇ ಹಾದುಹೋಯ್ತು, ಹೊಡೆಸ್ಕೊಂಡೋರೇ ಜನರ ಕಡೆ ಬೆನ್ನು ಮಾಡಿ ಹೊಟ್ಟೆ ಹತ್ರ ಚಪ್ಪಾಳೆ ತಟ್ಟಿದ್ರು, ಅದೇ ಗಳಿಗೆಗೆ ಸರಿಯಾಗಿ ತಬಲಾ ಜೋಡಿಯ ಡಗ್ಗಾ ಮೇಲೆ ಒಂದು ಗುದ್ದು. ಪರದೆ ಬಿದ್ಮೇಲೆ ಅವರು ನನ್ನ ಕರೆದು 'ಮುಟ್ಟಿ ನೋಡೋ ತಮ್ಮಾ' ಅಂತ ಕೆನ್ನೆ ಕೊಟ್ರು. ಬೆವರಿಗೆ ಕರಗಿದ ಪೌಡರ್ ಬೆರಳಿಗೆ ಹತ್ಕೊಳ್ತು, ಗಾಯ ಇಲ್ಲ ಗುರುತಿಲ್ಲ. ಮನೆ ಮುಟ್ಟೋವರೆಗೂ ಆ ಬೆರಳು ಒರೆಸ್ಲಿಲ್ಲ ನಾನು.

ಆ ಕೋಲಿಗೂ ನಮ್ಮ ಡಗ್ಗಾಕ್ಕೂ ನಂಟಿಲ್ಲ, ಆದ್ರೆ ಕೆಲಸ ಒಂದೇ. ನಿಜವಾಗಿ ನೋವಾದ್ರೆ ಅದು ಸ್ಲ್ಯಾಪ್‌ಸ್ಟಿಕ್ ಅಲ್ಲ, ಮಾತಲ್ಲಿ ಚುಚ್ಚಿದ್ರಂತೂ ಅಲ್ಲವೇ ಅಲ್ಲ.

ಚಾಪ್ಲಿನ್ ಮೂಕಿ ಸಿನಿಮಾದಲ್ಲಿ ಈ ಚಟಾರ್ ಅನ್ನೋ ಕೋಲೂ ಇಲ್ಲ, ಸದ್ದೂ ಇಲ್ಲ, ಬೀಳೋದು ಏಳೋದರಲ್ಲೇ ನಗಿಸಿದ್ದು ಹೇಳ್ಬೇಕಿತ್ತು, ಟೈಮ್ ಆಯ್ತು ಅಂತ ಸನ್ನೆ ಮಾಡ್ತಿದಾರೆ. ಮಕ್ಕಳ ಹತ್ರ ಎರಡು ಮರದ ಸ್ಕೇಲ್ ಇಸ್ಕೊಳ್ಳಿ, ಒಂದು ತುದಿಗೆ ನಡುವೆ ಬೆಂಕಿಕಡ್ಡಿ ಇಟ್ಟು ರಬ್ಬರ್‌ಬ್ಯಾಂಡ್ ಬಿಗೀರಿ, ಮೆಲ್ಲಗೆ ಅಂಗೈಗೆ ತಟ್ಕೊಂಡು ನೋಡ್ರಿ. ನಮಸ್ಕಾರ.