ಕುದುರೆ ನಿಲ್ತಿಲ್ಲ ಅಂತ ಗಟ್ಟಿ ಬಿಟ್ ಹುಡುಕೋರಿಗೆ

ಎಲ್ಲರಿಗೂ ನಮಸ್ಕಾರ. ಇವತ್ತು ನೇರ ವಿಷಯಕ್ಕೇ ಬರ್ತೀನಿ, ಯಾಕಂದ್ರೆ ಒಂದೇ ಮೆಸೇಜ್ ಓದಿ ಓದಿ ಸಾಕಾಗಿದೆ. ಗೋಣಿಕೊಪ್ಪದಿಂದ ಒಬ್ರು, ಸೋಮವಾರಪೇಟೆಯಿಂದ ಇನ್ನೊಬ್ರು, ಎಲ್ಲರದ್ದೂ ಅದೇ. ಸಾರ್, ರೇಸ್ ಬಿಟ್ಟು ಬಂದ ಕುದುರೆ, ಭಾರಿ ಜೋರು, ತೋಟದ ರೋಡಲ್ಲಿ ಎಷ್ಟು ಎಳೆದ್ರೂ ನಿಲ್ಲಲ್ಲ, ಇದಕ್ಕಿಂತ ಗಟ್ಟಿ ಬಿಟ್ (ಬಾಯೊಳಗೆ ಕೂರೋ ಕಬ್ಬಿಣದ ಕಡಿವಾಣ) ಯಾವ್ದು ಹಾಕ್ಲಿ ಅಂತ. ನಾನು ವಾಪಸ್ ಕೇಳೋದೂ ಒಂದೇ. ಅದರ ಬಾಯೊಳಗೆ ಒಂದ್ಸಲ ಬೆರಳಿಟ್ಟು ನೋಡಿದ್ರಾ ಮಾರಾಯ್ರೆ? ಅಲ್ಲಿಗೆ ಆ ಕಡೆ ಸೈಲೆಂಟು.

ಕಡಿವಾಣ ಎಲ್ಲಿ ಕೂರುತ್ತೆ ಅಂತ ಮೊದ್ಲು ನೋಡ್ಕೊಳ್ಳಿ. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಹಲ್ಲೇ ಇಲ್ಲದ ಒಂದು ಖಾಲಿ ಜಾಗ ಇದೆ, ಅದನ್ನೇ ಬಾರ್ಸ್ ಅನ್ನೋದು. ತುಟಿ ಮೂಲೆಯಿಂದ ಹೆಬ್ಬೆರಳು ತೂರಿಸಿ ಸವರಿದ್ರೆ ಗೊತ್ತಾಗುತ್ತೆ, ಮೇಲೆ ತೆಳ್ಳಗೆ ವಸಡು, ಅದರ ಕೆಳಗೇ ಮೂಳೆ, ಕತ್ತಿಯ ಹಿಂಬದಿ ಮುಟ್ಟಿದಂಗೆ. ಕಬ್ಬಿಣ ಬಂದು ಒತ್ತೋದು ಅದರ ಮೇಲೆ, ನಾಲಗೆ ಮೇಲೆ. ಅಲ್ಲಿ ಗಂಟು ಸಿಕ್ರೆ, ಗಾಯ ಕಂಡ್ರೆ, ತುಟಿ ಮೂಲೆಯಲ್ಲಿ ಬಣ್ಣ ಹೋಗಿ ಬಿಳಿ ಕಲೆ ಆಗಿದ್ರೆ, ಹಿಂದೆ ಯಾರೋ ಚೆನ್ನಾಗಿ ಜಗ್ಗಿದ್ದಾರೆ ಅಂತ ಲೆಕ್ಕ. ದವಡೆ ಹಲ್ಲಿನ ಮುಂದೆ ವುಲ್ಫ್ ಟೂತ್ ಅಂತ ಸಣ್ಣ ಹಲ್ಲೊಂದು ಕೆಲವು ಕುದುರೆಗಳಿಗೆ ಇರುತ್ತೆ, ಬಿಟ್ ಅದಕ್ಕೆ ತಾಗಿದ್ರೆ ತಲೆ ಎತ್ತಿ ಒದ್ದಾಡುತ್ತೆ. ಇನ್ನು ದವಡೆ ಹಲ್ಲಿನ ಅಂಚು ಸವೆದು ಚೂಪಾಗಿ ಕೆನ್ನೆ ಒಳಗಡೆ ಕೊಯ್ತಾ ಇರುತ್ತೆ, ವರ್ಷಕ್ಕೊಂದು ಸಲನಾದ್ರೂ ವೆಟ್ ಕರೆಸಿ ಅರ ಹಾಕಿಸ್ಬೇಕು, ನಮ್ಮಲ್ಲಿ ಎಷ್ಟು ಜನ ಮಾಡಿಸ್ತಾರೆ ಹೇಳಿ. ನೋವಾದ್ರೆ ಕುದುರೆ ನಿಲ್ಲಲ್ಲ, ಓಡುತ್ತೆ, ಅದು ಹುಟ್ಟಿರೋದೇ ಹಂಗೆ. ನೀವು ನಿಲ್ಲಿಸೋಕೆ ಅಂತ ನೋವು ಮಾಡ್ತಿದ್ದೀರಿ, ಅದು ನೋವಿಗೆ ಓಡ್ತಾ ಇದೆ.

ಜೀನು ಬೆನ್ನಿಗೆ ಒತ್ತಿದ್ರೂ ಇದೇ ಕಥೆ. ಆಮೇಲೆ ಹುರುಳಿ! ಇಡೀ ವಾರ ಲಾಯದಲ್ಲಿ ಕಟ್ಟಿ ಹಾಕಿ, ಎರಡು ಹೊತ್ತು ಹುರುಳಿ ಬೇಯಿಸಿ ಹಾಕಿ, ಭಾನುವಾರ ಮೈಮೇಲೆ ಹತ್ತಿ, ಅಯ್ಯೋ ತುಂಬಾ ಸ್ಟ್ರಾಂಗು ಅಂದ್ರೆ ಎಂಥ ಹೇಳೋದು.

ರೇಸ್ ಕುದುರೆ ವಿಷ್ಯ ಸ್ವಲ್ಪ ಬೇರೆ, ಇದನ್ನ ಗಮನ ಕೊಟ್ಟು ಕೇಳಿ. ಮೈಸೂರಲ್ಲೋ ಬೆಂಗಳೂರಲ್ಲೋ ಓಡಿ ಬಂದಿರೋ ಥರೋಬ್ರೆಡ್ಡು ಅದು. ಅಲ್ಲಿ ರೈಡರ್ ಎರಡೂ ಲಗಾಮನ್ನ ಒಂದರ ಮೇಲೊಂದು ಹಿಡಿದು ಕತ್ತಿನ ಮೇಲೆ ಊರಿರ್ತಾನೆ, ಕುದುರೆ ಆ ಹಿಡಿತಕ್ಕೆ ಬಾಯಿ ಒರಗಿಸಿಕೊಂಡೇ ಓಡೋದು ಕಲಿತಿರುತ್ತೆ. ಅಂದ್ರೆ ನೀವು ಎರಡೂ ಕೈಲಿ ಬಿಗಿಯಾಗಿ ಹಿಡಿದ್ರಿ ಅಂದ್ರೆ ಅದಕ್ಕೆ ಅರ್ಥ ಆಗೋದು ನಿಲ್ಲು ಅಂತ ಅಲ್ಲ, ಹೊರಡು ಅಂತ. ಅದು ಪಾಠ ಮರೆತಿಲ್ಲ, ನೀವು ಹಳೇ ಪಾಠನೇ ಮತ್ತೆ ಮತ್ತೆ ಹೇಳ್ತಿದ್ದೀರಿ. 450 ಕೆಜಿ ಪ್ರಾಣಿ ಜೊತೆ ಹಗ್ಗ ಜಗ್ಗಾಟಕ್ಕೆ ನಿಂತ್ರೆ ಗೆಲ್ಲೋದು ಯಾರು?

ಈಗ ಬಿಟ್. ಸ್ನ್ಯಾಫಲ್ ಅಂದ್ರೆ ಲಗಾಮು ನೇರ ರಿಂಗಿಗೇ ಕಟ್ಟೋ ಬಿಟ್, ಕೈಯಲ್ಲಿ ಎಷ್ಟು ಎಳೀತೀರೋ ಅಷ್ಟೇ ಬಾಯಿಗೆ ಹೋಗುತ್ತೆ. ಪೆಲ್ಹ್ಯಾಮು, ಕರ್ಬು, ಗ್ಯಾಗು ಇವೆಲ್ಲ ಸನ್ನೆಗೋಲಿನ ಲೆಕ್ಕ. ಪೆಲ್ಹ್ಯಾಮಿಗೂ ಕರ್ಬಿಗೂ ಕೆಳಗೆ ಕಡ್ಡಿ ಉದ್ದ ಇದ್ದಷ್ಟೂ ಎಳೆತ ಎರಡು ಪಟ್ಟು ಮೂರು ಪಟ್ಟು ಆಗಿ ಬಾಯಿಗೂ, ಗದ್ದದ ಕೆಳಗಿನ ಚೈನಿಗೂ, ಕಿವಿ ಹಿಂದಿನ ನೆತ್ತಿಗೂ ಹೋಗಿ ಒತ್ತುತ್ತೆ. ಹಂಗಂತ ಸ್ನ್ಯಾಫಲ್ ಅಂದ ತಕ್ಷಣ ಮೃದು ಅಂದ್ಕೋಬೇಡಿ. ತಂತಿ ತಿರುಚಿ ಮಾಡಿದ ಸ್ನ್ಯಾಫಲ್ಲೂ ಸಿಗುತ್ತೆ, ಅದು ಬಾಯಿ ಹರಿದು ಹಾಕುತ್ತೆ. ನಡುವೆ ಒಂದೇ ಕೀಲು ಇರೋದಕ್ಕಿಂತ ಎರಡು ಕೀಲು, ಮಧ್ಯದಲ್ಲೊಂದು ಸಣ್ಣ ತುಂಡು ಇರೋದು ತುಂಬಾ ಕುದುರೆಗಳಿಗೆ ಹಿತ, ನಾನು ಶುರು ಮಾಡೋದು ಅದರಿಂದಲೇ. ಅಳತೆ ನೋಡಿ, ಎರಡೂ ಕಡೆ ತುಟಿಯಿಂದ ಕಾಲು ಇಂಚಿನಷ್ಟು ಹೊರಗೆ ಇದ್ರೆ ಸಾಕು, ದೊಡ್ಡದಾದ್ರೆ ಬಾಯಲ್ಲಿ ಆ ಕಡೆ ಈ ಕಡೆ ಜಾರುತ್ತೆ, ಚಿಕ್ಕದಾದ್ರೆ ತುಟಿ ಚಿವುಟುತ್ತೆ. ಮೂಗಿನ ಪಟ್ಟಿ ಒಳಗೆ ಎರಡು ಬೆರಳು ಹೋಗ್ಬೇಕು, ಬಾಯಿ ತೆರೀಬಾರ್ದು ಅಂತ ಬಿಗಿಯೋದು ಬಾಯಿ ನೋವು ಮುಚ್ಚಿಡೋದು ಅಷ್ಟೇ.

ಇಷ್ಟು ಹೇಳಿದ ಕೂಡ್ಲೇ ನಮ್ಮ ಊರಿನ ಮಿಲ್ಟ್ರಿ ಮಾವಂದಿರು ಬರ್ತಾರೆ, ನಾವೆಲ್ಲ ಪೆಲ್ಹ್ಯಾಮಲ್ಲೇ ಸವಾರಿ ಮಾಡಿದ್ದು, ನಿಮ್ಮದೆಲ್ಲ ಎಂಥ ಹೊಸ ನಾಟಕ ಅಂತ. ಮಾವ, ಸರಿನೇ. ಒಂದು ಕೈಲಿ ಕತ್ತಿನೋ ಈಟಿನೋ ಹಿಡಿದು ಇನ್ನೊಂದೇ ಕೈಲಿ ಲಗಾಮು ನೋಡ್ಕೋಬೇಕಿದ್ದ ಕ್ಯಾವಲ್ರಿಗೆ ಅದು ಬೇಕಿತ್ತು, ಅದರ ಹಿಂದೆ ಕುದುರೆಗೂ ಸವಾರನಿಗೂ ತಿಂಗಳುಗಟ್ಟಲೆ ರೈಡಿಂಗ್ ಸ್ಕೂಲ್ ಇತ್ತು. ಇಲ್ಲಿ ಅದನ್ನ ಕೊಂಡ್ಕೊಳ್ತಾ ಇರೋದು ಸ್ಕೂಲ್ ತಪ್ಪಿಸೋಕೆ.

ಮುಳ್ಳಿನ ಲಗಾಮಿನ ಬಗ್ಗೆ ಜಾಸ್ತಿ ಮಾತೇ ಬೇಡ. ಗಾಡಿ ಎಳೆಯೋ, ಹೊರೆ ಹೊರೋ ಪ್ರಾಣಿಗಳಿಗೆ ಅಂತ ಮಾಡಿರೋ 1965ರ ಕೇಂದ್ರ ನಿಯಮಗಳಲ್ಲೇ ಮುಳ್ಳಿರೋ ಕಡಿವಾಣ ನಿಷೇಧ ಅಂತ ಇದೆ. ಮದುವೆ ಮೆರವಣಿಗೆ ಕುದುರೆ ಬಾಯಲ್ಲಿ ಈಗ್ಲೂ ಕಾಣುತ್ತೆ, ಹಾಕಿರೋನಿಗೂ ನಾಚಿಕೆ ಇಲ್ಲ, ನೋಡೋ ನಮಗೂ ಇಲ್ಲ.

ಹಂಗಾದ್ರೆ ನಿಲ್ಲಿಸೋದು ಹೆಂಗೆ? ನಿಧಾನವಾಗಿ ನಡೀತಾ ಇರುವಾಗ. ಓಡೋವಾಗ ಅಲ್ಲ. ಕಾಫಿ ಒಣಗಿಸೋ ಕಣ ಖಾಲಿ ಇದ್ದಾಗ ಅಲ್ಲೇ ಮಾಡಿ. ನಡಿಗೆಯಲ್ಲಿ ಉಸಿರು ಬಿಟ್ಟು, ಸೀಟಲ್ಲಿ ಭಾರ ಕೂರಿಸಿ, ಹೋ ಅನ್ನಿ, ಆಮೇಲೆ ಬೆರಳು ಮುಚ್ಚಿ, ಅದು ನಿಂತ ಕ್ಷಣಕ್ಕೇ ಬೆರಳು ಬಿಡಿ. ಆ ಬಿಡೋದೇ ಪಾಠ, ಹಿಡಿಯೋದು ಅಲ್ಲ. ಮುಕ್ಕಾಲು ಪಾಲು ಜನ ಕುದುರೆ ನಿಂತ ಮೇಲೂ ಹಿಡ್ಕೊಂಡೇ ಇರ್ತಾರೆ, ಅದಕ್ಕೆ ನಿಂತ್ರೂ ಒಂದೇ ಓಡಿದ್ರೂ ಒಂದೇ. ನಡಿಗೆಯಲ್ಲಿ ಹತ್ತಕ್ಕೆ ಹತ್ತು ಸಲ ಬಂದ ಮೇಲೆ ದುಲಕಿಯಲ್ಲಿ, ಅದೂ ಬಂದ ಮೇಲೆ ಕ್ಯಾಂಟರು, ಅಂದ್ರೆ ದುಲಕಿಗಿಂತ ಜೋರು ಓಟ. ಒಂದೇ ಲಗಾಮಲ್ಲಿ ಕತ್ತು ಪಕ್ಕಕ್ಕೆ ಕರೆದು ಹಿಂಗಾಲು ದಾಟಿಸಿ ನಿಲ್ಲಿಸೋದನ್ನೂ ಕಲಿಸಿ, ಆದ್ರೆ ಅದನ್ನ ನಾಗಾಲೋಟದಲ್ಲಿ ಇಕ್ಕಟ್ಟು ದಾರಿಯಲ್ಲಿ ಪ್ರಯೋಗ ಮಾಡ್ಬೇಡಿ, ಕುದುರೆ ಸಮೇತ ಉರುಳ್ತೀರಿ. ಮೈಸೂರಲ್ಲಿ ದಸರಾಗೆ ಮುಂಚೆ ಆನೆಗಳ ಜೊತೆ ಪೊಲೀಸ್ ಕುದುರೆಗಳಿಗೂ ಫಿರಂಗಿ ತಾಲೀಮು ಕೊಡ್ತಾರಲ್ಲ, ಸದ್ದಿಗೆ ಬೆದರದಂಗೆ ಮಾಡೋದು ಆ ತಾಲೀಮು, ಬಾಯಲ್ಲಿರೋ ಕಬ್ಬಿಣ ಅಲ್ಲ.

ನಮ್ಮ ಜಾಗದಲ್ಲಿ ಒಂದು ಅನುಕೂಲ ಇದೆ, ಏರು. ಓಡಿಸ್ಬೇಕು ಅನ್ಸಿದ್ರೆ ಏರಲ್ಲಿ ಓಡಿಸಿ, ಇಳಿಜಾರಲ್ಲಿ ನಡೆಸಿ. ಮನೆ ಕಡೆ ತಿರುಗಿದ ಕೂಡ್ಲೇ ಜೋರಾಗೋ ಕುದುರೆ ಆದ್ರೆ ಗೇಟ್ ಹತ್ರ ಬಂದು ಮತ್ತೆ ವಾಪಸ್ ಒಂದು ಸುತ್ತು ಹಾಕಿ, ಕೆಲವು ದಿನ ಇಳಿದು ನಡ್ಕೊಂಡೇ ಬನ್ನಿ.

ಒಂದು ವಿಷ್ಯ ಮರೆತೇಬಿಡ್ತಿದ್ದೆ, ಮಳೆಗಾಲ. ಜೂನಿಂದ ಇಲ್ಲಿ ಚರ್ಮದ ಸಾಮಾನು ಎಲ್ಲಿಟ್ರೂ ಬೂಸ್ಟು. ಒರೆಸಿದ್ರೆ ಹೊಳೆಯುತ್ತೆ, ಆದ್ರೆ ಲಗಾಮು ಬಿಟ್ಟಿನ ರಿಂಗಿಗೆ ಮಡಚಿ ಬರೋ ಕಡೆ ಹೊಲಿಗೆ ಒಳಗೊಳಗೇ ಕೊಳೀತಾ ಇರುತ್ತೆ, ಉಗುರು ಹಾಕಿ ಎತ್ತಿದ್ರೆ ದಾರ ಪುಡಿ ಪುಡಿ. ಸಾವಿರಾರು ರೂಪಾಯಿ ಕೊಟ್ಟು ಗಟ್ಟಿ ಬಿಟ್ ತರೋರು ಮೊದ್ಲು ಆ ಹೊಲಿಗೆ ನೋಡಿ. ಒದ್ದೆ ಚರ್ಮ ಕೈಯಲ್ಲಿ ಜಾರಿದ್ದಕ್ಕೂ ಕುದುರೆಗೇ ಬೈಯೋರಿದ್ದಾರೆ, ರಬ್ಬರ್ ಹಾಕಿದ ಲಗಾಮು ತಗೊಂಡ್ರೆ ಮುಗೀತು.

ಇಷ್ಟೆಲ್ಲ ಮಾಡಿದ ಮೇಲೂ, ಒಂದು ಕಡೆ ತೋಡು ಇನ್ನೊಂದು ಕಡೆ ಬರೆ (ಕಡಿದಾದ ಮಣ್ಣಿನ ದಿಬ್ಬ) ಇರೋ ರೋಡಲ್ಲಿ, ಗುಂಪಲ್ಲಿ ಹೋಗುವಾಗ ನಿಮ್ಮ ಕುದುರೆ ಮುಂದಿನದನ್ನ ನೋಡಿ ಹುಚ್ಚಾಗುತ್ತೆ ಅಂದ್ರೆ ಆಗ ಪೆಲ್ಹ್ಯಾಮು ಹಾಕಿ, ನಂದೇನು ತಕರಾರಿಲ್ಲ. ಎರಡು ಜೊತೆ ಲಗಾಮು ಇರ್ಲಿ, ಮೇಲಿನದರಲ್ಲೇ ಸವಾರಿ, ಕೆಳಗಿನದು ಬೇಕಾದಾಗ ಮಾತ್ರ, ಮನೆಗೆ ಬಂದು ಮತ್ತೆ ಸ್ನ್ಯಾಫಲ್. ಮತ್ತೆ ಹೋಂಸ್ಟೇ ನಡೆಸೋರಿಗೆ, ಫೋಟೋಗೆ ಅಂತ ಹತ್ತೋ ಗೆಸ್ಟ್ ಕೈಗೆ ಯಾವ ಬಿಟ್ಟಿನ ಲಗಾಮೂ ಕೊಡ್ಬೇಡಿ. ಹಾಲ್ಟರಿಗೆ (ಬಿಟ್ ಇಲ್ಲದ ತಲೆಪಟ್ಟಿ) ಹಗ್ಗ ಕಟ್ಟಿ, ಕುದುರೆ ನೋಡ್ಕೊಳ್ಳೋ ಸೈಸ್ ಹಿಡ್ಕೊಂಡು ನಡೀಲಿ, ಗೆಸ್ಟು ಜೀನಿನ ಮುಂದೆ ಹಿಡ್ಕೊಂಡು ಕೂರ್ಲಿ.